ಗೋಡೆ ಮೇಲಿನ ಹಾಜರಿ

ಮನೆಯಲ್ಲಿ ಕಾಣೆಯಾಗುವ ಸಾಮಾನುಗಳಲ್ಲಿ ಬೀಗದ ಕೈಯದು ಬೇರೆಯೇ ಜಾತಿ. ಪೆನ್ನು, ಕೊಡೆ, ಗ್ಯಾಸ್ ಪುಸ್ತಕ, ಮದುವೆ ಕರೆಯೋಲೆ ಇವೆಲ್ಲ ನಿಜವಾಗಿಯೂ ಕಳೆದುಹೋಗಬಹುದು. ಬೀಗದ ಕೈ ಹಾಗಲ್ಲ. ನಿನ್ನೆ ರಾತ್ರಿ ಅದರಿಂದಲೇ ಬಾಗಿಲು ತೆಗೆದು ಒಳಗೆ ಬಂದಿದ್ದೇವೆ, ಆಮೇಲೆ ಯಾರೂ ಹೊಸ್ತಿಲು ದಾಟಿಲ್ಲ. ಅಂದ ಮೇಲೆ ಅದು ಈ ನಾಲ್ಕು ಗೋಡೆಯೊಳಗೇ ಇರಲೇಬೇಕು. ಇಷ್ಟು ಖಾತ್ರಿ ಇರುವುದರಿಂದಲೇ ಹುಡುಕುವವನಿಗೆ ಸಿಟ್ಟು ಜಾಸ್ತಿ. ಕಳೆದುಹೋಗಿದ್ದರೆ ದುಃಖಪಡಬಹುದಿತ್ತು. ಇದ್ದೂ ಸಿಗದ ವಸ್ತುವಿಗೆ ದುಃಖಪಡುವುದು ಹೇಗೆ? ಮನೆಮಂದಿಯ ಮೇಲೆ ರೇಗಬೇಕು, ಅಷ್ಟೆ.

ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ ದಾವಣಗೆರೆಯ ನಿಟುವಳ್ಳಿಯಲ್ಲೋ ವಿದ್ಯಾನಗರದಲ್ಲೋ ಎಂಸಿಸಿ ಬಿ ಬ್ಲಾಕಿನಲ್ಲೋ ಯಾವ ಅಡ್ಡರಸ್ತೆಯಲ್ಲಿ ನಿಂತು ಕಿವಿಗೊಟ್ಟರೂ ಒಂದೇ ಮಾತುಕತೆ. "ಗಾಡಿ ಕೀಲಿ ಎಲ್ಲೈತೆ?" "ನೀವು ಇಟ್ಟಲ್ಲೇ ಐತೆ ನೋಡ್ರಿ." ಈ ಉತ್ತರದಲ್ಲಿ ತಪ್ಪು ಹುಡುಕಲು ತರ್ಕಶಾಸ್ತ್ರ ಓದಿದವರಿಗೂ ಆಗದು. ತಡವಾಗಿ ಆಫೀಸು ಮುಟ್ಟಿದವರು "ಅಶೋಕ ರಸ್ತೆ ಗೇಟ್ ಬಿದ್ದಿತ್ತು ಸಾರ್" ಅನ್ನುತ್ತಿದ್ದರು. ಊರನ್ನು ಎರಡು ಪಾಲು ಮಾಡಿಕೊಂಡು ಹೋಗುವ ರೈಲ್ವೆ ಹಳಿ ಎಷ್ಟು ತಲೆಮಾರಿನ ಗುಮಾಸ್ತರ ಮಾನ ಕಾಪಾಡಿದೆಯೋ ಲೆಕ್ಕವಿಲ್ಲ. ನನ್ನ ಗುಮಾನಿ ಏನೆಂದರೆ, ಆ ಗೇಟಿನ ಖಾತೆಗೆ ಬರೆದ ತಡಗಳಲ್ಲಿ ಅರ್ಧದಷ್ಟಾದರೂ ಕೀಲಿಕೈ ಖಾತೆಗೆ ಸೇರಬೇಕಾದವು.

ಕೀಲಿಕೈ ಇಡಲು ಮನೆಯಲ್ಲಿ ಜಾಗವಿಲ್ಲವೆಂದಲ್ಲ, ಜಾಗ ಅತಿಯಾಗಿರುವುದೇ ತೊಂದರೆ. ಫ್ರಿಜ್ಜಿನ ತಲೆ, ಟಿವಿ ಪಕ್ಕ, ಚಪ್ಪಲಿ ಸ್ಟ್ಯಾಂಡಿನ ಮೇಲ್ಗಡೆ, ದೇವರ ಗೂಡು, ಊಟದ ಟೇಬಲ್ಲಿನ ಹಣ್ಣಿನ ಬುಟ್ಟಿ, ನಿನ್ನೆಯ ಪ್ಯಾಂಟಿನ ಜೇಬು. ಕೊನೆಯದು ಅಪಾಯದ ಜಾಗ. ವಾಷಿಂಗ್ ಮಶೀನು ಗಡಗಡ ಅಂದಾಗಲೇ ಪತ್ತೆ.

ನಮ್ಮಜ್ಜಿಗೆ ಈ ಗೋಳಿರಲಿಲ್ಲ. ಹಳೇ ದಾವಣಗೆರೆಯಲ್ಲಿದ್ದ ಆಕೆಯ ಮನೆಯ ಕೀಲಿಕೈಗಳೆಲ್ಲ ಆಕೆಯ ಸೊಂಟದಲ್ಲಿ, ಸೀರೆಯ ನೆರಿಗೆ ಪಕ್ಕ ಸಿಕ್ಕಿಸಿದ ಗೊಂಚಲಿನಲ್ಲಿ ಇರುತ್ತಿದ್ದವು. ಅದರಲ್ಲಿ ತಲೆಬಾಗಿಲಿನ ಕೀಲಿಕೈ ಇರಲಿಲ್ಲ ಎನ್ನುವುದು ಈಗ ಯೋಚಿಸಿದರೆ ಆಶ್ಚರ್ಯ. ತಲೆಬಾಗಿಲಿಗೆ ಬೀಗವೇ ಇರಲಿಲ್ಲ. ಹಗಲೆಲ್ಲ ತೆರೆದಿರುತ್ತಿತ್ತು. ರಾತ್ರಿ ಗೋಡೆಯ ಪೊಟರೆಯಿಂದ ತೋಳುಗಾತ್ರದ ಮರದ ಅಗಳಿಯನ್ನು ಎಳೆದರೆ ಅದು ಈ ಗೋಡೆಯಿಂದ ಆ ಗೋಡೆಗೆ ಬಾಗಿಲ ಹಿಂದೆ ಅಡ್ಡ ಬಂದು ಕೂರುತ್ತಿತ್ತು. ಅದನ್ನು ಹೊರಗಿನಿಂದ ಹಾಕಲು ಬರುವುದಿಲ್ಲ. ಮನೆಯಲ್ಲಿ ಒಬ್ಬರಾದರೂ ಯಾವಾಗಲೂ ಇದ್ದೇ ಇರುತ್ತಾರೆ ಎಂಬ ಭರವಸೆಯ ಮೇಲೆ ಮಾಡಿದ ವ್ಯವಸ್ಥೆ ಅದು. ಬೀಗ ಇದ್ದದ್ದು ಟ್ರಂಕಿಗೆ, ಕಾಳಿನ ಕೋಣೆಗೆ, ಬೆಲ್ಲ ತುಪ್ಪದ ಕಪಾಟಿಗೆ. ಅಂದರೆ ಕಳ್ಳರಿಗಲ್ಲ, ಮೊಮ್ಮಕ್ಕಳಿಗೆ. ನಾವು ಆ ಗೊಂಚಲು ಹಿಡಿದು ಆಡಿದರೆ "ಗಲಗಲ ಅನ್ನಿಸಬ್ಯಾಡ್ರೋ, ಮನೇಲಿ ಜಗಳ ಆಗುತ್ತೆ" ಎಂದು ಗದರುತ್ತಿದ್ದಳು. ಜಗಳಕ್ಕೆ ಕೀಲಿಕೈಯ ಸದ್ದೇ ಬೇಕಿರಲಿಲ್ಲ. ಆ ಗೊಂಚಲು ಮುಂದೆ ಯಾವ ಸೊಸೆಯ ಸೊಂಟಕ್ಕೆ ಹೋಗುತ್ತದೆ ಎನ್ನುವ ಮೌನವೇ ಸಾಕಾಗಿತ್ತು.

ಬೀಗವೂ ಮರದ್ದು, ಅದರ ಕೈಯೂ ಮರದ್ದು ಆಗಿದ್ದ ಕಾಲವೊಂದಿತ್ತು. ಪ್ರಾಚೀನ ಈಜಿಪ್ಟಿನವರ ಬಾಗಿಲಿನ ಅಡ್ಡಪಟ್ಟಿಯಲ್ಲಿ ತೂತುಗಳಿರುತ್ತಿದ್ದವು. ಮೇಲಿನಿಂದ ಸಣ್ಣ ಮರದ ಗೂಟಗಳು ಅವುಗಳೊಳಕ್ಕೆ ಬಿದ್ದು ಪಟ್ಟಿ ಸರಿಯದಂತೆ ಹಿಡಿದುಕೊಳ್ಳುತ್ತಿದ್ದವು. ಕೀಲಿಕೈ ಅಂದರೆ ದೊಡ್ಡದೊಂದು ಹಲ್ಲುಜ್ಜುವ ಬ್ರಷ್ಷಿನಂಥ ಹಲಗೆ. ಅದನ್ನು ಒಳಗೆ ತೂರಿಸಿ ಎತ್ತಿದರೆ ಅದರ ಹಲ್ಲುಗಳು ಬಿದ್ದ ಗೂಟಗಳನ್ನು ಮೇಲಕ್ಕೆ ತಳ್ಳುತ್ತಿದ್ದವು, ಪಟ್ಟಿ ಸರಿಯುತ್ತಿತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ಲೈನಸ್ ಯೇಲ್ ಎಂಬ ಅಪ್ಪನೂ ಅದೇ ಹೆಸರಿನ ಮಗನೂ ಇದೇ ಉಪಾಯವನ್ನು ಲೋಹಕ್ಕೆ ಇಳಿಸಿದರು. ಈಗ ನಮ್ಮ ಬಾಗಿಲುಗಳಲ್ಲಿರುವ ಗರಗಸ ಹಲ್ಲಿನ ಚಪ್ಪಟೆ ಕೀಲಿಕೈ ಅವರ ಕೊಡುಗೆ. ನಮ್ಮಲ್ಲಿ ಅರ್ದೇಶಿರ್ ಗೋದ್ರೇಜ್ 1897ರಲ್ಲಿ ಮುಂಬಯಿಯಲ್ಲಿ ಬೀಗ ಮಾಡಲು ಕೂತರು. ಬೀಗದ ಹಿಂದೆ ಕಬ್ಬಿಣದ ಬೀರು ಬಂತು, ಬೀರುವಿನ ಹಿಂದೆ ಅದರ ಲಾಕರಿಗೊಂದು ಬೇರೆ ಕೀಲಿ ಬಂತು. ಕೀಲಿಕೈ ಮರದಿಂದ ಲೋಹಕ್ಕೆ ಹೋಯಿತು. ಅದನ್ನು ತೂಗುಹಾಕುವ ಹಲಗೆಯಾಗಿ ಮರ ಈಗ ಹಿಂಬಾಗಿಲಿನಿಂದ ಮನೆಯೊಳಗೆ ಬರುತ್ತಿದೆ.

ಅಜ್ಜಿಯ ಮನೆಯಲ್ಲಿ ಹದಿನಾಲ್ಕು ಜನ, ಮೂರು ಕೀಲಿ. ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ, ಹಬ್ಬಕ್ಕೆ ಬೆಂಗಳೂರಿನಿಂದ ಬರುವ ಮಗಳು. ಕೀಲಿಗಳೋ: ಗೇಟಿನದು, ಗ್ರಿಲ್ಲಿನದು, ಮುಂಬಾಗಿಲಿನದು, ಹಿತ್ತಲಿನದು, ಮಹಡಿ ಬಾಗಿಲಿನದು, ಎರಡು ಸ್ಕೂಟರಿನವು, ಬೀರು, ಲಾಕರು, ನೀರಿನ ಸಂಪಿನ ಮುಚ್ಚಳದ್ದು, ಎದುರು ಮನೆಯವರು ಊರಿಗೆ ಹೋಗುವಾಗ ಕೊಟ್ಟು ಹೋಗುವ ಅವರ ಮನೆಯದು. ಮನೆಯಲ್ಲಿ ಜನ ಕಡಿಮೆಯಾದಂತೆ ಕೀಲಿ ಹೆಚ್ಚುತ್ತದೆ. ಕಾವಲಿಗೆ ಮನುಷ್ಯರು ಇಲ್ಲದ ಕಡೆಯೆಲ್ಲ ಒಂದೊಂದು ಬೀಗ ಕೂತಿದೆ.

"ರೀ, ಒಂದು ಕೀ ಹೋಲ್ಡರಾದರೂ ತನ್ನಿ" ಎಂದಳು ಹೆಂಡತಿ. ಮಂಡಿಪೇಟೆ, ಚೌಕಿಪೇಟೆ ಎಲ್ಲ ಸುತ್ತಿದೆ. ಸಿಗುವುದೇನೋ ಬೇಕಾದಷ್ಟು ಸಿಗುತ್ತವೆ. ಎಂಡಿಎಫ್ ಹಲಗೆಯನ್ನು ಲೇಸರಿನಲ್ಲಿ ಕೊರೆದು "ಹೋಮ್ ಸ್ವೀಟ್ ಹೋಮ್" ಬರೆದವು, ನವಿಲು ಕೂತವು, ಗಣಪತಿ ಇದ್ದವು. ಅತಿ ಹೆಚ್ಚಿನವು ಕೀಲಿಕೈ ಆಕಾರದಲ್ಲೇ ಇರುತ್ತವೆ. ಇದರ ತರ್ಕ ನನಗೆ ಇವತ್ತಿಗೂ ಹೊಳೆದಿಲ್ಲ. ಅಕ್ಕಿ ಡಬ್ಬಿಯನ್ನು ಅಕ್ಕಿಕಾಳಿನ ಆಕಾರದಲ್ಲಿ ಯಾರಾದರೂ ಮಾಡಿಸುತ್ತಾರೆಯೇ? ಆಕಾರವನ್ನಾದರೂ ಕ್ಷಮಿಸಬಹುದು, ಆ ಎಂಡಿಎಫ್ ಅನ್ನು ಕ್ಷಮಿಸಲಾಗದು. ಅದು ಮರದ ನಾರಿಗೆ ಅಂಟು ಕಲಸಿ ಒತ್ತಿದ ಹಲಗೆ. ಸ್ಕ್ರೂ ಒಂದು ಸಲ ಹಿಡಿಯುತ್ತದೆ, ಬಿಚ್ಚಿ ಎರಡನೇ ಸಲ ಹಾಕಿದರೆ ಲೊಡಲೊಡ. ಮಳೆಗಾಲದಲ್ಲಿ ಒದ್ದೆ ಛತ್ರಿಯ ನೀರು ತಾಗಿತೋ, ಅಂಚು ಉಬ್ಬಿ ಪದರ ಬಿಡುತ್ತದೆ. ಮಾಡುವುದಾದರೆ ನಾವೇ ಒಂದು ಮಾಡಬೇಕು ಎಂದು ಬರಿಗೈಲಿ ಮನೆಗೆ ಬಂದೆ. "ಕೀಲಿಕೈ ಹುಡುಕೋದಷ್ಟೇ ಅಲ್ಲ, ಇನ್ನು ಮೇಲೆ ಉಳಿ, ಗರಗಸಾನೂ ಹುಡುಕಿಕೊಡಬೇಕಲ್ಲ" ಎಂದು ಆಕೆ ಒಳಗೆ ಹೋದಳು.

ಹಳೇ ಊರಿನಲ್ಲಿ ಮನೆ ಕೆಡವಿದಾಗ ಅದರ ಕಂಬ, ತೊಲೆ, ಜಂತಿ, ಬಾಗಿಲುವಾಡ ಎಲ್ಲ ಲಾರಿ ಹತ್ತಿ ಹಳೇ ಕಟ್ಟಿಗೆ ಅಡ್ಡೆಗೆ ಬಂದು ಬೀಳುತ್ತವೆ. ಅಲ್ಲಿಗೆ ಹೋದರೆ ಊರಿನ ಒಂದು ಶತಮಾನ ರಾಶಿ ಬಿದ್ದಿರುತ್ತದೆ, ತೂಕಕ್ಕೂ ಸಿಗುತ್ತದೆ, ಅಡಿ ಲೆಕ್ಕಕ್ಕೂ ಸಿಗುತ್ತದೆ. ಅಂಗಡಿಯವರು ಕರ್ರಗಿನ ಒಂದು ಬಾಗಿಲುವಾಡದ ತುಂಡನ್ನು ಎಳೆದು ಹಾಕಿದರು. ಸುಣ್ಣ, ಕೆಮ್ಮಣ್ಣು, ಹಸಿರು ಪೇಂಟು, ಅದರ ಮೇಲೆ ನೀಲಿ ಪೇಂಟು. ನನಗೆ ಅದು ಒಲೆಗೂ ಬೇಡ ಅನ್ನಿಸಿತು. ಅವರು ಹರಿತವಾದ ಬಾಚಿಯಿಂದ ಒಂದು ಚಕ್ಕೆ ಎಬ್ಬಿಸಿ, ಬೆರಳಿಗೆ ಉಗುಳು ಹಚ್ಚಿ ಆ ಜಾಗ ಒರೆಸಿ ತೋರಿಸಿದರು. ಒಳಗೆ ಜೇನುಬಣ್ಣ, ಉದ್ದುದ್ದ ಕಪ್ಪು ಗೆರೆ, ಮೂಗಿಗೆ ಹಿಡಿದರೆ ಚರ್ಮದ ಚಪ್ಪಲಿ ಅಂಗಡಿಯ ವಾಸನೆ. ಸಾಗುವಾನಿ. "ಇದು ಆಗಲೇ ಎಷ್ಟೋ ಮಳೆಗಾಲ ಉಬ್ಬಿ, ಎಷ್ಟೋ ಬ್ಯಾಸಿಗೆ ಕುಗ್ಗಿ ಮುಗಿಸೈತೆ ಸರ್. ಇನ್ನು ಇದು ಅಲ್ಲಾಡಲ್ಲ" ಎಂದರು. ಪಕ್ಕದಲ್ಲಿ ಹೊಸ ನೀಲಗಿರಿ ಪಟ್ಟಿಗಳೂ ಇದ್ದವು, ಅಗ್ಗಕ್ಕೆ. ಅದರ ಮಾತೆತ್ತಿದೆ. "ಬ್ಯಾಡ ಬಿಡ್ರಿ, ಮುಂದಿನ ಯುಗಾದಿ ಹೊತ್ತಿಗೆ ಹಪ್ಪಳ ತಿರುಚಿದಂಗೆ ತಿರುಚ್ಕಂತಾವೆ" ಎಂದರು.

ನೀಲಗಿರಿ ಅಂದರೆ ನಮ್ಮ ಕಡೆಯವರಿಗೆ ಮರಕ್ಕಿಂತ ಮೊದಲು ಹೊಳೆಯಾಚೆಯ ಕಾರ್ಖಾನೆ ನೆನಪಾಗುತ್ತದೆ. ಹರಿಹರ ಪಾಲಿಫೈಬರ್ಸ್ ಎಂದು ಅದರ ಹೆಸರು ಹರಿಹರದ್ದು. ನಿಂತಿರುವುದು ತುಂಗಭದ್ರೆಯ ಆ ದಡದ ಕುಮಾರಪಟ್ಟಣದಲ್ಲಿ, ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಮರವನ್ನು ಅರೆದು ತಿರುಳು ಮಾಡಿ, ಆ ತಿರುಳಿನಿಂದ ರೇಯಾನ್ ನಾರು ತೆಗೆಯುವ ವಿದ್ಯೆ. ಅದಕ್ಕೆ ಬೇಕಾದ ಮರಕ್ಕಾಗಿ 1984ರಲ್ಲಿ ಸರ್ಕಾರದ ಜೊತೆ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಹುಟ್ಟಿ, ಹಳ್ಳಿಗಳ ಗೋಮಾಳಗಳಲ್ಲಿ ನೀಲಗಿರಿ ಏಳತೊಡಗಿತು. ದನ ಮೇಯಿಸಲು ಜಾಗ ಕಳೆದುಕೊಂಡವರು ಸುಮ್ಮನೆ ಕೂರಲಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತಿತು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬರಾದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಆ ಗುಂಡಿಗೇ ಹಣ್ಣಿನ, ಮೇವಿನ ಸಸಿ ನೆಟ್ಟರು. ಚಳವಳಿಗೆ ಇಟ್ಟ ಹೆಸರು ‘ಕಿತ್ತಿಕೋ ಹಚ್ಚಿಕೋ’. ಕೊನೆಗೆ ಆ ಜಂಟಿ ಕಂಪನಿ ಮುಚ್ಚಿತು. ಒಂದು ಮೊಳದ ಹಲಗೆ ಕೊಳ್ಳಲು ಹೋದವನಿಗೆ ಇಷ್ಟೆಲ್ಲ ನೆನಪು ಬೇಕಿರಲಿಲ್ಲ. ಆದರೆ ಮರದ ವ್ಯಾಪಾರದಲ್ಲಿ ಮರ ಮಾತ್ರ ಯಾವತ್ತೂ ಇರುವುದಿಲ್ಲ.

ಸಾಗುವಾನಿ ತುಂಡು ಹಿಡಿದು ಹರಿಹರದ ಬಸ್ಸು ಹತ್ತಿದೆ. ದಾವಣಗೆರೆಯಿಂದ ಹರಿಹರ 14 ಕಿಲೋಮೀಟರು. ಅವಳಿ ನಗರ ಎಂದು ಭಾಷಣದಲ್ಲಿ ಹೇಳುತ್ತಾರೆ, ಆದರೆ ದಾವಣಗೆರೆಯದು ಹತ್ತಿಯ ಕೈ, ಹರಿಹರದ್ದು ಕಬ್ಬಿಣದ ಕೈ. ನಮ್ಮ ಸೋದರಮಾವ ಅಲ್ಲಿದ್ದಾರೆ. ವೃತ್ತಿಯಲ್ಲಿ ಟರ್ನರ್. ಲೇತಿನ ಮುಂದೆ ನಿಂತೇ ತಲೆ ನರೆತವರು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಹರಿಹರಕ್ಕೆ ಬಂತು. ಆಗ ಹೊಳೆಯ ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಗಡಿಯ ಈ ಸಣ್ಣ ಊರಿನಲ್ಲಿ ತಯಾರಾದ ಲೇತುಗಳು ದೇಶದ ವರ್ಕ್‌ಶಾಪುಗಳಿಗೆಲ್ಲ ಹೋದವು. ಐಟಿಐ ಓದಿದ ಎಷ್ಟೋ ಹುಡುಗರು ಮೊದಲ ಸಲ ಕಬ್ಬಿಣದ ಸುರುಳಿ ಎಬ್ಬಿಸಿದ್ದು ಹರಿಹರದ ಲೇತಿನ ಮೇಲೆಯೇ. ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಆದರೆ ಕೈಗಳು ಊರಿನಲ್ಲೇ ಉಳಿದವು. ಮಾವನೂ ಒಂದು ಶೆಡ್ಡು, ಒಂದು ಹಳೇ ಲೇತು ಇಟ್ಟುಕೊಂಡು ಬುಷ್ಷು, ಪಿನ್ನು ತಿರುಗಿಸಿಕೊಂಡಿದ್ದಾರೆ.

ಹಲಗೆ ನೋಡಿ, "ಏನೋ ಅಳಿಯ, ಕೀಲಿಕೈ ತೂಗಾಕಾಕೆ ಇಷ್ಟೆಲ್ಲ ಬೇಕೇನೋ? ಒಂದು ಮೊಳೆ ಹೊಡೆದ್ರೆ ಸಾಲ್ದಾ?" ಎಂದರು. ಹಿತ್ತಾಳೆ ಕೊಕ್ಕೆ ಬೇಡ, ಮರದ ಗೂಟಗಳೇ ಬೇಕು, ತಿರುಗಿಸಿಕೊಡಿ ಎಂದೆ. ಅವರ ಮುಖ ಬಿಗಿಯಿತು. "ಕಬ್ಬಿಣದ ಲೇತಿಗೆ ಕಟ್ಟಿಗೆ ಕಟ್ಟಬಾರ್ದೋ. ಅದರ ಪುಡಿ ಎಣ್ಣೆ ಕುಡಿಯುತ್ತೆ. ಎಣ್ಣೆ ಕುಡಿದ ಪುಡಿ ಸಂದಿಗೆ ಹೋಗಿ ಕೂತ್ಕಣುತ್ತೆ, ಬೆಡ್ ಒಣಗುತ್ತೆ, ಒಂದು ವಾರಕ್ಕೆ ತುಕ್ಕು." ಅದು ನಿಜವೇ. ಟರ್ನರುಗಳಿಗೆ ಬಡಗಿ ಕೆಲಸದ ಮೇಲಿರುವ ಅಸಮಾಧಾನ ಜಾತಿ ಅಹಂಕಾರದ್ದಲ್ಲ, ಎಣ್ಣೆಯದು. ಇಷ್ಟು ಹೇಳಿದವರು ಸುಮ್ಮನೆ ಹೋಗಿ ಹಿತ್ತಲಿನಿಂದ ಒಂದು ಮುರಿದ ಎತ್ತಿನಗಾಡಿಯ ಗಾಲಿ ಉರುಳಿಸಿಕೊಂಡು ಬಂದರು. ಗಾಲಿಯ ಅರಗಳು ಕರಿಜಾಲಿಯವು. ಎರಡು ಬೆರಳು ದಪ್ಪ, ಕಲ್ಲಿನಷ್ಟು ಗಟ್ಟಿ. "ಸಾಗುವಾನಿ ಮೆತ್ತಗೆ. ಗೂಟಕ್ಕೆ ಜಾಲಿನೇ ಸರಿ" ಎಂದು ತೀರ್ಪಾಯಿತು.

ಗೂಟದ ಆಕಾರ ಹೇಗಿರಬೇಕು ಅಂದಾಗ ಅವರು ಪೆನ್ಸಿಲ್ ಹಿಡಿಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನನ್ನನ್ನು ಹರಿಹರೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿ. ಬಲಗಡೆ ಶಿವ, ಎಡಗಡೆ ವಿಷ್ಣು, ಮೂರ್ತಿ ಒಂದೇ. ಜನ ಗರ್ಭಗುಡಿಯ ಕಡೆ ಕೈ ಮುಗಿಯುತ್ತಾರೆ. ಮಾವ ಮಂಟಪದ ಕಂಬಗಳ ಕಡೆ ತಿರುಗಿ ನಿಲ್ಲುತ್ತಾರೆ. ಬಳಪದ ಕಲ್ಲಿನ ಕಂಬಗಳವು, ತಿರುಗಣಿಯಲ್ಲಿ ಹಾಕಿ ತಿರುಗಿಸಿದವು. ಗಣಿಯಿಂದ ತೆಗೆದ ಹೊಸದರಲ್ಲಿ ಈ ಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಗಂಟೆಯಂಥ ಒಂದು ಉಬ್ಬು, ಅದರ ಮೇಲೆ ಚೂಪು ಅಂಚಿನ ಬಳೆ, ಅದರ ಮೇಲೆ ತಟ್ಟೆಯಷ್ಟು ಅಗಲದ ಚಕ್ರ, ಮಧ್ಯದಲ್ಲಿ ಕೂದಲೆಳೆಯ ಗೆರೆಗಳು. ಮಾವ ಕಣ್ಣು ಮುಚ್ಚಿ ಬೆರಳನ್ನು ಆ ಗೆರೆಗಳ ಸುತ್ತ ಓಡಿಸಿದರು. "ಒಂದು ನೂಲು ಔಟ್ ಇಲ್ಲ ನೋಡು. ಕರೆಂಟಿಲ್ಲ, ಚಕ್ಕಿಲ್ಲ. ಸೆಂಟರ್ ಹೆಂಗೆ ಹಿಡಿದ್ರೋ ಪುಣ್ಯಾತ್ಮರು." ಟನ್ನುಗಟ್ಟಲೆ ತೂಕದ ಕಲ್ಲನ್ನು ತಿರುಗಿಸುವಾಗ ನಡುಗದಂತೆ ಹಿಡಿಯುವುದೇ ಅದರ ಗುಟ್ಟು ಎಂದು ಅವರ ಮತ. ನಿಂತ ಕಂಬದ ಸುತ್ತ ಉಳಿ ತಿರುಗಿತೋ, ಮಲಗಿಸಿದ ಕಂಬವೇ ತಿರುಗಿತೋ ಎಂಬ ಬಗ್ಗೆ ನಮ್ಮಿಬ್ಬರಿಗೂ ಬಸ್ ಸ್ಟ್ಯಾಂಡಿನ ತನಕ ವಾದ ನಡೆಯಿತು. ಲೇತಿನ ಕಾರ್ಖಾನೆ ಹರಿಹರಕ್ಕೆ ಬಂದದ್ದಕ್ಕೆ ನದಿ, ರೈಲು, ಮಹಾರಾಜರ ಸರ್ಕಾರ ಎಂದು ಪುಸ್ತಕಗಳು ಕಾರಣ ಕೊಡಬಹುದು. ತಿರುಗಣಿ ಈ ಊರಿಗೆ ಏಳು ಶತಮಾನ ಮೊದಲೇ ಬಂದಿತ್ತು ಎನ್ನುವುದಷ್ಟೇ ಮಾವನ ವಾದ.

ಶೆಡ್ಡಿಗೆ ವಾಪಸು ಬಂದು, ಲೇತಿನ ಬೆಡ್ಡಿನ ಮೇಲೆ ಹಳೇ ಪೇಪರು ಹಾಸಿ, ಅಂಚಿಗೆ ಬಟ್ಟೆ ತುರುಕಿ, ಜಾಲಿಯ ಅರವನ್ನು ಕಟ್ಟಿದರು. ಮೊದಲು ಟಕಟಕ ಅಂದು ಮೂಲೆಗಳು ಹಾರಿದವು. ದುಂಡಗಾದ ಕೂಡಲೇ ಸದ್ದು ಇಳಿದು ಒಂದೇ ಶ್ರುತಿಗೆ ಬಂತು. ಮರದ ಸುರುಳಿ ಕಬ್ಬಿಣದ ಸುರುಳಿಗಿಂತ ಹಗುರ, ಮಾವನ ತೋಳಿನ ನರೆಗೂದಲಿಗೆಲ್ಲ ಕೆಂಪು ಹುಡಿ. ಮೂರು ಅಂಗುಲದ ಗೂಟದಲ್ಲಿ ಗಂಟೆ, ಬಳೆ, ಚಕ್ರ ಮೂರೂ ಬಂದವು. ಚಕ್ರದ ಹಿಂದೆ ಕೀಲಿಯ ಬಳೆ ಕೂರಲು ಒಂದು ಸಣ್ಣ ಕಂಠ ತೆಗೆದರು. ಪ್ರತಿ ಗೂಟಕ್ಕೂ ವರ್ನಿಯರ್ ಹಿಡಿದು ಮಿಲಿಮೀಟರಿನ ನೂರನೇ ಪಾಲಿನ ಮಾತಾಡಿದರು. ಶ್ರಾವಣ ಬರುವ ಹೊತ್ತಿಗೆ ಮರ ಅದಕ್ಕಿಂತ ಎಷ್ಟೋ ಪಟ್ಟು ಉಬ್ಬುತ್ತದೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನಲವತ್ತು ವರ್ಷದ ಅಭ್ಯಾಸದ ಮುಂದೆ ಶ್ರಾವಣದ ಮಾತು ನಡೆಯುವುದಿಲ್ಲ.

ಕೆಲಸ ಮುಗಿಸಿ ಮಿರ್ಚಿ, ಮಂಡಕ್ಕಿ ತಿನ್ನುತ್ತಾ ಕೂತಾಗ ಅವರು ಹೇಳಿದ್ದು ಈ ಹಲಗೆಯ ಬಗ್ಗೆ ನನ್ನ ತಿಳಿವಳಿಕೆಯನ್ನೇ ಬದಲಿಸಿತು. "ನಮ್ಮ ಫ್ಯಾಕ್ಟ್ರಿ ಗೇಟಲ್ಲಿ ಇಂಥದೇ ಹಲಗೆ ಇತ್ತಲ್ಲೋ, ಟೋಕನ್ ಬೋರ್ಡು." ಆಗಿನ ಕಾರ್ಖಾನೆ, ಗಿರಣಿಗಳಲ್ಲೆಲ್ಲ ಇದ್ದ ಪದ್ಧತಿ ಅದು. ಟೈಮ್ ಆಫೀಸಿನ ಗೋಡೆಗೆ ಸಾಲು ಸಾಲು ಮೊಳೆಗಳ ಹಲಗೆ, ಪ್ರತಿ ಕಾರ್ಮಿಕನಿಗೂ ನಂಬರು ಹೊಡೆದ ಒಂದು ಬಿಲ್ಲೆ. ಬಂದವನು ತನ್ನ ಬಿಲ್ಲೆಯನ್ನು ತೆಗೆದೋ ಹಾಕಿಯೋ ಒಳಗೆ ಹೋಗಬೇಕು. ಟೈಮ್ ಕೀಪರ್ ಹಲಗೆಯತ್ತ ಒಂದು ಸಲ ಕಣ್ಣು ಹಾಯಿಸಿದರೆ ಯಾರು ಬಂದರು, ಯಾರು ಚಕ್ಕರು ಎಂದು ಗೊತ್ತಾಗುತ್ತಿತ್ತು. ಮಾವನಿಗೆ ಅವರ ಮೊಬೈಲ್ ನಂಬರು ಬಾಯಿಗೆ ಬರುವುದಿಲ್ಲ. ಟೋಕನ್ ನಂಬರನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ.

ದಾವಣಗೆರೆಯ ಹತ್ತಿ ಗಿರಣಿಗಳಲ್ಲೂ ಇದೇ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರಿನಲ್ಲಿ ಸೈರನ್ನು ಕೂಗಿದರೆ ಇಡೀ ಬೀದಿ ಎದ್ದು ನಡೆಯುತ್ತಿತ್ತು. ಆ ನಡಿಗೆಯ ಬಲದ ಮೇಲೆಯೇ ಕಾರ್ಮಿಕ ನಾಯಕ ಪಂಪಾಪತಿ ಕಮ್ಯುನಿಸ್ಟ್ ಪಕ್ಷದಿಂದ ಮತ್ತೆ ಮತ್ತೆ ಶಾಸಕರಾದದ್ದು. ಆ ದಿನಗಳಲ್ಲಿ ಬೀಗ ಎಂಬ ಮಾತಿಗೆ ನಮ್ಮೂರಿನಲ್ಲಿ ಮನೆಗಿಂತ ಗಿರಣಿ ಗೇಟೇ ಮೊದಲು ಕಣ್ಣಿಗೆ ಬರುತ್ತಿತ್ತು. ಬೀಗಮುದ್ರೆ ಅಂದರೆ ಆ ತಿಂಗಳು ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ದಪ್ಪವಾಗುತ್ತದೆ ಎಂದರ್ಥ. ಒಂದೊಂದೇ ಗಿರಣಿ ನಿಂತು, ಕೊನೆಯ ಬೀಗಗಳು ಯಾರೂ ತೆಗೆಯದೆ ತುಕ್ಕು ಹಿಡಿದವು. ಅವುಗಳ ಕೀಲಿಕೈಗಳು ಈಗ ಯಾವ ಕಚೇರಿಯ ಯಾವ ಡ್ರಾಯರಿನಲ್ಲಿವೆಯೋ.

ಹಲಗೆಯ ವಿನ್ಯಾಸದ ವಿಷಯಕ್ಕೆ ಮನೆಯಲ್ಲಿ ಎರಡು ಪಕ್ಷವಾಯಿತು. ಹೆಂಡತಿಗೆ ಬಳ್ಳಿ, ಹೂವು, ಮಧ್ಯೆ ಒಂದು ಗಣಪ ಬೇಕು. ಮಗಳು ಫೋನಿನಲ್ಲೇ "ಅಪ್ಪ, ಪ್ಲೇನ್ ಇರಲಿ, ಮರದ ಗೆರೆ ಕಾಣಲಿ" ಎಂದಳು. ಹರಿಹರದ ಪಕ್ಕ ಇದ್ದುಕೊಂಡು ಇಂಥ ವ್ಯಾಜ್ಯ ಬಗೆಹರಿಸಲಾಗದಿದ್ದರೆ ಹೇಗೆ? ಎಡ ಅರ್ಧಕ್ಕೆ ಬಳ್ಳಿ ಕೆತ್ತನೆ, ಬಲ ಅರ್ಧ ಬೋಳು ಎಂದು ತೀರ್ಮಾನಿಸಿದೆ. ಕೆತ್ತುವಾಗ ತಿಳಿದದ್ದು, ಹಳೇ ಸಾಗುವಾನಿ ಉಳಿಗೆ ಬೆಣ್ಣೆ. ಆದರೆ ಎಳೆಯ ದಿಕ್ಕು ತಪ್ಪಿದರೆ ಅದೇ ಮರ ಚಕ್ಕೆ ಎದ್ದು ಮುಖಕ್ಕೆ ಹಾರುತ್ತದೆ. ಮೊಳೆ ಇದ್ದ ಕಡೆ ಕಬ್ಬಿಣದ ಕಪ್ಪು ಮರದೊಳಗೆ ಇಳಿದಿತ್ತು. ಅದನ್ನು ಅಳಿಸಲು ಹೋಗಲಿಲ್ಲ, ಬಳ್ಳಿಯ ಕಾಯಿಗಳನ್ನು ಆ ಕಲೆಗಳ ಮೇಲೆಯೇ ಕೂರಿಸಿದೆ. ಗಣಪನನ್ನು ಕೈಬಿಟ್ಟೆ. ಗಣಪನ ಸೊಂಡಿಲಿಗೆ ಗೇಟಿನ ಕೀಲಿ ತೂಗುಬಿಡುವುದು ನನಗೆ ಸರಿ ಕಾಣಲಿಲ್ಲ.

ಗೂಟ ಕೂರಿಸುವುದು ಈ ಇಡೀ ಕೆಲಸದ ಜೀವ. ನೆಟ್ಟಗೆ ಕೂರಿಸಿದರೆ ಗೊಂಚಲಿನ ಭಾರಕ್ಕೆ ಬಳೆ ಜಾರಿ ಬೀಳುತ್ತದೆ. ಆದ್ದರಿಂದ ತೂತು ಸ್ವಲ್ಪ ಓರೆಯಾಗಿ, ಗೂಟದ ಮೂತಿ ಮೇಲಕ್ಕೆ ನೋಡುವಂತೆ ಇರಬೇಕು. ಎಲ್ಲ ತೂತಿಗೂ ಓರೆ ಒಂದೇ ಇರಲು ಒಂದು ಬೆಣೆಯನ್ನು ಹಲಗೆಯ ಅಡಿಗೆ ಕೊಟ್ಟು ಡ್ರಿಲ್ಲನ್ನು ನೆಟ್ಟಗೇ ಇಳಿಸಬೇಕು. ಸಾಗುವಾನಿಯಲ್ಲಿ ಎಣ್ಣೆಯಂಶ ಜಾಸ್ತಿ, ಫೆವಿಕಾಲು ಸುಲಭಕ್ಕೆ ಹಿಡಿಯದು. ತೂತಿನೊಳಗೆ ಸ್ಪಿರಿಟ್ಟಿನ ಬಟ್ಟೆ ಆಡಿಸಿ, ಅದು ಆರಿದ ಕೂಡಲೇ ಅಂಟು ಹಾಕಿ ಗೂಟ ಬಡಿಯಬೇಕು. ಉಪ್ಪುಕಾಗದ ದಪ್ಪದಿಂದ ನಯಕ್ಕೆ, 80, 120, 220, ಯಾವಾಗಲೂ ಎಳೆಯ ಉದ್ದಕ್ಕೇ. ಆಮೇಲೆ ಅರಗಿನ ಚಕ್ಕೆಯನ್ನು ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ, ಹತ್ತಿಯನ್ನು ಹಳೇ ಬನಿಯನ್ ಬಟ್ಟೆಯಲ್ಲಿ ಕಟ್ಟಿ, ಅದ್ದಿ, ಹಿಂಡಿ, ನಿಲ್ಲಿಸದೆ ತಿಕ್ಕುವುದು. ನಡುವೆ ಕೈ ನಿಂತಿತೋ, ಬಟ್ಟೆ ಅಲ್ಲೇ ಅಂಟಿ ಗುರುತು ಬೀಳುತ್ತದೆ. ಒಂದು ಕೈ ಹಚ್ಚಿದರೆ ಏನೂ ಕಾಣದು. ಕೈ ಮೇಲೆ ಕೈ ಹೋದಂತೆ ಮರದ ಒಳಗಿನಿಂದ ದೀಪ ಹಚ್ಚಿದ ಬೆಳಕು. ಬಾಗಿಲುವಾಡಕ್ಕೆ ಹಸಿರು, ನೀಲಿ ಪೇಂಟು ಬಳಿದವರು ಇದನ್ನು ಒಂದು ಸಲ ನೋಡಬೇಕಿತ್ತು.

ಎಲ್ಲಿ ತೂಗುಹಾಕಬೇಕು ಎನ್ನುವುದಕ್ಕೆ ಸಲಹೆಗಾರರು ತಾವಾಗಿಯೇ ಬಂದರು. ವಾಸ್ತು ತಿಳಿದ ನೆರೆಯವರು ಉತ್ತರದ ಗೋಡೆ ಅಂದರು, ಕುಬೇರನ ದಿಕ್ಕಂತೆ. ನಮ್ಮ ಉತ್ತರದ ಗೋಡೆಯಲ್ಲಿ ಬಚ್ಚಲಿದೆ. ನನ್ನ ಲೆಕ್ಕ ಬೇರೆ. ಬಾಗಿಲು ತೆರೆದಾಗ ಬೀದಿಗೆ ಕಾಣಬಾರದು, ಕಿಟಕಿಯಿಂದ ಕೋಲು ತೂರಿಸಿ ಕೊಕ್ಕೆ ಹಾಕುವವರಿಗೆ ಎಟುಕಬಾರದು, ಚಪ್ಪಲಿ ಬಿಡುತ್ತಾ ಬಗ್ಗಿದವನ ತಲೆಗೆ ತಾಗಬಾರದು. ಇಷ್ಟನ್ನೂ ದಾಟಿ ಉಳಿದದ್ದು ನಮ್ಮ ಮನೆಯಲ್ಲಿ ಒಂದೇ ಜಾಗ, ಬಾಗಿಲ ಒಳಗಿನ ಬಲಗೋಡೆ. ಇಟ್ಟಿಗೆ ಸಂದು ತಪ್ಪಿಸಿ ತೂತು ಕೊರೆದು, ಪ್ಲಾಸ್ಟಿಕ್ ಬೆಣೆ ತುರುಕಿ, ಸ್ಕ್ರೂ ಬಿಗಿದೆ.

ಗೂಟಗಳನ್ನು ಹಂಚುವಾಗ ಇನ್ನೊಂದು ಸಮುದಾಯ ಎದ್ದು ಬಂತು. ಬೀಗವಿಲ್ಲದ ಕೀಲಿಕೈಗಳು. ಪ್ರತಿ ಮನೆಯಲ್ಲೂ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ತುಂಬ ಇವು ಇದ್ದೇ ಇರುತ್ತವೆ. ಮಾರಿದ ಲೂನಾದ್ದು, ಬಾಡಿಗೆ ಮನೆಯ ಬೀರುವಿನದು, ಅಜ್ಜಿಯ ಟ್ರಂಕಿನದು, ಯಾವುದೆಂದು ಯಾರಿಗೂ ಗೊತ್ತಿಲ್ಲದ್ದು. ಕೊನೆಯ ಜಾತಿಯದನ್ನು ಎಸೆಯಲು ಯಾರಿಗೂ ಧೈರ್ಯವಿಲ್ಲ. ಎಸೆದ ಮಾರನೇ ದಿನ ಅದರ ಬೀಗ ಸಿಕ್ಕಿಬಿಟ್ಟರೆ? ಅವುಗಳನ್ನೆಲ್ಲ ಒಂದು ತಂತಿಗೆ ಪೋಣಿಸಿ ಕೊನೆಯ ಗೂಟಕ್ಕೆ ಹಾಕಿದೆ. ಮನೆಯಲ್ಲಿ ಅತಿ ದಪ್ಪನೆಯ ಗೊಂಚಲು ಈಗ ಅದೇ. ಕಳ್ಳ ಬಂದರೆ ಮೊದಲು ಅದನ್ನೇ ಹಿಡಿದು ಬೆಳಗಿನ ತನಕ ಒಂದೊಂದೇ ಬೀಗಕ್ಕೆ ಹಾಕಿ ನೋಡಲಿ.

ಟೋಕನ್ ಬೋರ್ಡಿನ ಗುಣ ಹಲಗೆಗೆ ಬೇಗ ಬಂತು. ಸಂಜೆ ಮನೆಗೆ ಬಂದವನು ಮೊದಲು ಕೂಗುತ್ತಿದ್ದೆ, "ಏ, ಇದ್ದೀಯಾ?" ಈಗ ಕೂಗುವುದಿಲ್ಲ, ಗೂಟ ನೋಡುತ್ತೇನೆ. ಎರಡನೇ ಗೂಟ ಬರಿದಾಗಿದ್ದರೆ ಹೆಂಡತಿ ಸ್ಕೂಟರಿನಲ್ಲಿ ಹೋಗಿದ್ದಾಳೆ, ತರಕಾರಿ ಚೀಲವೂ ಇಲ್ಲದಿದ್ದರೆ ಮಾರ್ಕೆಟ್ಟಿಗೆ, ಚೀಲ ಇದ್ದರೆ ತಂಗಿ ಮನೆಗೆ. ಮಹಡಿ ಕೀಲಿ ಇಲ್ಲವೆಂದರೆ ಹಪ್ಪಳ ಒಣಗಿಸಿದ್ದಾಳೆ. ಎದುರು ಮನೆಯವರ ಕೀಲಿ ತೂಗುತ್ತಿದ್ದರೆ ಅವರು ಊರಲ್ಲಿಲ್ಲ, ಗಿಡಕ್ಕೆ ನೀರು ಹಾಕುವುದು ನನ್ನ ಪಾಲು. ಬೀಗ ಹೊರಗಿನವರ ಮೇಲಿನ ಅನುಮಾನಕ್ಕೆ ಹುಟ್ಟಿದ್ದು. ಅದರ ಕೈ ತೂಗುವ ಹಲಗೆ ಮಾತ್ರ ಒಳಗಿನವರ ಸುದ್ದಿ ಹೇಳುತ್ತದೆ. ಮಗಳಿಗೂ ಒಂದು ಗೂಟ ಬಿಟ್ಟಿದ್ದೆವು. ದೀಪಾವಳಿಗೆ ಬಂದವಳು, "ನಮ್ಮ ಫ್ಲ್ಯಾಟಿಗೆ ನಂಬರ್ ಒತ್ತೋ ಲಾಕ್ ಅಪ್ಪ, ಕೀಲಿನೇ ಇಲ್ಲ" ಎಂದು ತನ್ನ ಆಫೀಸಿನ ಐಡಿ ಕಾರ್ಡನ್ನು ಅಲ್ಲಿಗೆ ತೂಗುಬಿಟ್ಟಳು. ಹಬ್ಬಕ್ಕೆ ಬಂದಿದ್ದ ಮಾವ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದೂ ಟೋಕನ್ನೇ ಬಿಡವ್ವ" ಎಂದರು.

ಹಲಗೆ ನೋಡಿದ ಎದುರು ಮನೆಯವರಿಗೆ ಅಂಥದೇ ಒಂದು ಬೇಕಾಯಿತು. ಮಾವನಿಗೆ ಫೋನು ಮಾಡಿದೆ. ಲೇತಿನ ಸಂದಿಯಿಂದ ಜಾಲಿ ಹುಡಿ ತೆಗೆಯುವುದೇ ಇನ್ನೂ ಮುಗಿದಿಲ್ಲ ಎಂದು ಮೊದಲು ಒಂದಷ್ಟು ಬೈದರು.

"ಅವರ ಮನೇಲಿ ಎಷ್ಟು ಜನನೋ?"

"ಇಬ್ಬರು ಮಾವ."

"ಕೀಲಿ?"

"ಹನ್ನೊಂದಂತೆ."

"ಹಂಗಾದ್ರೆ ಈ ಗಾಲೀಲಿ ಉಳಿದಿರೋ ಅರ ಸಾಲಲ್ಲ," ಎಂದರು ಮಾವ. "ಕುಮಾರಪಟ್ಟಣದ ಕಡೆ ಒಂದು ಗಾಡಿ ಮಾರಾಟಕ್ಕೆ ಐತಂತೆ, ನಿಮ್ಮ ಎದುರು ಮನೆಯವರು ಅರ್ಧ ದುಡ್ಡು ಹಾಕ್ತಾರಾ ಕೇಳು."